ಏಳು ಮನೆಗೆ ಒಂದೇ ಅಂಗಳ

ಕಿರ್ರ್... ಟಕ್!

ಅವಳು ಬೆಚ್ಚಿ ಎದ್ದಳು. ಖಾಲಿ ಸೈಟಿನ ಮೂಲೆಯ ತಗಡಿನ ಕೋಣೆಯಲ್ಲಿ ನಕ್ಷೆ ಬರೆಯುತ್ತಾ ಮೇಜಿನ ಮೇಲೇ ನಿದ್ದೆ ಹೋಗಿದ್ದಳು. ಟಾರ್ಚ್ ಹಿಡಿದು ಹೊರಗೆ ಬಂದಳು.

"ಯಾರದು? ಕೂಗ್ತೀನಿ ನೋಡಿ!"

ಓಣಿಯಲ್ಲಿ ಒಬ್ಬ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಅಳತೆಯ ಟೇಪು.

"ಆಮೇಲೆ ಕೂಗಿ. ಮೊದಲು ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ? ಆಗಿನಿಂದ ಜಾರ್ತಾನೇ ಇದೆ."

ಅವನು ನಗರ ಯೋಜನಾ ಕಚೇರಿಯ ಇಂಜಿನಿಯರ್. ರಾತ್ರಿ ಕಾರುಗಳು ನಿಂತರೆ ಬೆಂಕಿ ಆರಿಸುವ ಗಾಡಿ ಈ ಓಣಿಗೆ ನುಗ್ಗುವುದಿಲ್ಲ ಅಂತ ಅಕ್ಕಪಕ್ಕದವರು ಈ ಸೈಟಿನಲ್ಲಿ ಕಟ್ಟಡ ಕಟ್ಟುವುದಕ್ಕೆ ತಕರಾರು ಹಾಕಿದ್ದರು.

"ಹಗಲಲ್ಲಿ ಖಾಲಿ ಓಣಿ ಅಳೆದು ಏನು ಬಂತು, ಹೇಳಿ?"

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ...

ಏಳು ಕುಟುಂಬಗಳು ಸೇರಿ ಕೊಂಡ ಜಾಗ ಅದು. ಮನೆಗಳು ಬೇರೆ ಬೇರೆ. ಅಂಗಳ, ಅಡುಗೆಮನೆ, ಊಟದ ಹಾಲ್ ಎಲ್ಲರದ್ದೂ. ಅವಳನ್ನು ಸಾಕಿದ ಚಿಕ್ಕಮ್ಮ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು, ಅವಳು ಕೆಲಸದಿಂದ ಬರುವವರೆಗೆ ನೆಲದ ಮೇಲೇ ಇದ್ದರು. ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ. ಅವತ್ತೇ ಅವಳು ಈ ಗುಂಪಿಗೆ ಸೇರಿದ್ದಳು. ನಕ್ಷೆಯನ್ನೂ ತಾನೇ ಬರೆದಿದ್ದಳು.

ಅವನು ಆ ನಕ್ಷೆಯನ್ನು ತುಂಬಾ ಹೊತ್ತು ನೋಡಿದ.

"ಇಲ್ಲಿ ಯಾರಿಗೂ ಒಬ್ಬರೇ ಕೂತು ಊಟ ಮಾಡೋಕೆ ಜಾಗಾನೇ ಇಲ್ವಲ್ರೀ!"

"ಇದು ತಕರಾರಾ ಸರ್?"

"ಅಲ್ಲ. ಹೊಟ್ಟೆಕಿಚ್ಚು. ತುಂಬಾ ಚೆನ್ನಾಗಿದೆ... ಇದನ್ನ ಆಫೀಸರಾಗಿ ಹೇಳ್ತಿಲ್ಲ."

ಆಮೇಲೂ ಅವನು ಬಂದ. ಪ್ರತಿ ಸಲ ಅಳೆಯುವುದಕ್ಕೆ ಏನಾದರೊಂದು ಉಳಿದಿರುತ್ತಿತ್ತು!

ಆ ಏಳು ಕುಟುಂಬಗಳಲ್ಲಿ ಒಂದು ಕಟ್ಟುಪಾಡಿತ್ತು. ಸೈಟಿನ ವಿಷಯ ಒಬ್ಬರಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾಗಬೇಕು. ನಕ್ಷೆಯ ಬಗ್ಗೆ ಅವನು ಹೇಳಿದ್ದನ್ನು ಅವಳು ಹಾಗೇ ಹೇಳಿಬಿಟ್ಟಳು. ಹೇಳುವಾಗ ಮುಖ ಅರಳಿದ್ದು ಅವಳಿಗೇ ಗೊತ್ತಾಗಲಿಲ್ಲ.

ಸಾರ್ವಜನಿಕ ವಿಚಾರಣೆಯ ದಿನ ಹಾಲ್ ತುಂಬಿತ್ತು.

"ಏಳು ಮನೆಗೆ ಒಂದೇ ಅಡುಗೆಮನೆನಾ? ಇದು ಮನೆಯೋ ಹಾಸ್ಟೆಲ್ಲೋ?" ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ಚಿಕ್ಕಮ್ಮ ಕೋಲೂರಿ ಎದ್ದು ನಿಂತರು. "ನಗಿ, ನಗಿ! ಆಫೀಸರೇ ನಮ್ಮ ಪುಟ್ಟಿ ಹತ್ರ ಹೇಳಿದ್ದಾರೆ, ಪ್ಲಾನ್ ತುಂಬಾ ಚೆನ್ನಾಗಿದೆ ಅಂತ!"

ತಕರಾರು ಹಾಕಿದವರಲ್ಲೊಬ್ಬ ಎದ್ದ.

"ಓಹೋ! ರಾತ್ರಿ ಬಂದು ಹೇಳಿದ್ರಂತಾ?"

ವೇದಿಕೆಯ ಮೇಲಿದ್ದ ಅವನು ಒಮ್ಮೆ ಅವಳತ್ತ ನೋಡಿದ. ಒಮ್ಮೆ ಮಾತ್ರ.

ಮರುದಿನವೇ ಫೈಲು ಬೇರೆಯವರ ಕೈ ಸೇರಿತು. ಅವನು ಅವಳ ಫೋನ್ ಎತ್ತಲಿಲ್ಲ.

'ನಾನು ಅವರನ್ನ ಬಳಸಿಕೊಂಡೆ ಅಂದ್ಕೊಂಡ್ರಾ? ಅಯ್ಯೋ... ಅಷ್ಟೇನಾ ನನ್ನನ್ನ ಅರ್ಥ ಮಾಡ್ಕೊಂಡಿದ್ದು?'

ತಿಂಗಳುಗಳು ಕಳೆದವು. ಕೊನೆಗೆ ಒಪ್ಪಿಗೆ ಸಿಕ್ಕಿತು. ಮೊಹರು ಬಿದ್ದ ನಕ್ಷೆ ತರಲು ಅವಳು ಕಚೇರಿಗೆ ಹೋದಾಗ ಅವನು ಮೆಟ್ಟಿಲ ಮೇಲೆ ಸಿಕ್ಕ. ಹೆಗಲಲ್ಲಿ ಚೀಲ.

"ನನಗೆ ವರ್ಗ ಆಗಿದೆ," ಎಂದ.

"ನಮ್ಮ ಚಿಕ್ಕಮ್ಮನ ಮಾತಿಂದ..." ಅವಳು ಅಂದಳು. "ನಿಮ್ಮ ಹೆಸರು ಕೆಡ್ತು. ಫೈಲೂ ಕಿತ್ಕೊಂಡ್ರು."

"ಯಾರೂ ಕಿತ್ಕೊಳ್ಳಲಿಲ್ಲ. ನಾನೇ ಬಿಟ್ಟೆ. ಆ ಹುಡುಗಿಗೂ ನಿನಗೂ ಏನಾದ್ರೂ ಇದೆಯಾ ಅಂತ ಇವತ್ತಲ್ಲ ನಾಳೆ ಮೇಲಿನ ಆಫೀಸರುಗಳು ಕೇಳೋರು. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ತಿರಲಿಲ್ಲ. ಅದಕ್ಕೇ, ಕೇಳೋ ಮೊದಲೇ ದೂರಕ್ಕೆ ವರ್ಗ ಬೇಡಿ ತಗೊಂಡೆ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಕಾದ ಮಾತು... ಬಂದದ್ದು ಹೀಗಾ?

"ಹಾಗಾದ್ರೆ ನಾನೂ ಬರ್ತೀನಿ."

"ಓಣಿಯ ಅಳತೆ ನನ್ನದು. ಒಪ್ಪಿಗೆ ನಿಂತಿರೋದೇ ಅದರ ಮೇಲೆ. ತಕರಾರಿನವರು ಮೇಲ್ಮನವಿಗೆ ಹೋಗಿದ್ದಾರೆ. ನಮ್ಮಿಬ್ಬರ ವಿಷಯ ಹೊರಗೆ ಬಂದ್ರೆ..."

"ಆದ್ರೆ ಅಳತೆ ಸರಿಯಾಗೇ ಇತ್ತಲ್ವಾ!"

"ಒಂದು ಬೆರಳಗಲವೂ ಹೆಚ್ಚು ಬರೆದಿಲ್ಲ. ನಂಬೋರು ಯಾರು?"

ಚಿಕ್ಕಮ್ಮ ಬಚ್ಚಲ ನೆಲದ ಮೇಲೆ ಬಿದ್ದಿದ್ದು ಅವಳ ಕಣ್ಮುಂದೆ ಬಂತು. ಅವಳು ಮೆಲ್ಲಗೆ ಕೇಳಿದಳು.

"ಎಷ್ಟು ದಿನ?"

"ವರ್ಷಗಳೇ ಆಗಬಹುದು. ಕಾದಿರು ಅಂತ ನಾನು ಹೇಳಲ್ಲ."

"ಹೇಳಬೇಡಿ. ಕಾಯೋದು ನನ್ನ ಇಷ್ಟ... ಅಲ್ಲಿ ಊಟಕ್ಕೆ ಏನು ಮಾಡ್ತೀರಿ?"

"ಒಬ್ಬನೇ ತಾನೆ, ಏನೋ ಬೇಯಿಸ್ಕೋತೀನಿ. ಅಳಬೇಡ... ಯಾರಾದ್ರೂ ನೋಡ್ತಾರೆ."

ಅವನು ಮೆಟ್ಟಿಲಿಳಿದು ಹೋದ. ಅವಳು ಹಿಂದೆ ಹೋಗಲಿಲ್ಲ.

ಸಂಜೆ ಸೈಟಿನಲ್ಲಿ ಏಳೂ ಮನೆಯವರು ಸೇರಿದ್ದರು. ಚಿಕ್ಕಮ್ಮನ ಸಡಗರ ಹೇಳತೀರದು.

"ನೋಡಿದ್ಯಾ ಪುಟ್ಟಿ! ಅವತ್ತು ನಾನು ಎದ್ದು ಮಾತಾಡಿದ್ದಕ್ಕೇ ಕೆಲಸ ಆಗಿದ್ದು!"

"ಹೌದು ಚಿಕ್ಕಮ್ಮ. ನಿಮ್ಮಿಂದಾನೇ."

"ಕಣ್ಣು ಯಾಕೆ ಕೆಂಪಗಿದೆ? ಆ ಆಫೀಸರೇನಾದ್ರೂ ಸಿಕ್ಕಿದ್ರಾ?"

ಎಲ್ಲರೂ ಅವಳತ್ತ ತಿರುಗಿದರು.

ಹೇಳಿದರೆ ಅವನನ್ನು ಕಾಪಾಡಲಾಗದು, ಈ ಜಾಗವನ್ನೂ. ಚಿಕ್ಕಮ್ಮನ ಮುಖದ ಮೇಲಿನ ಈ ನಗುವನ್ನಂತೂ ಇಲ್ಲವೇ ಇಲ್ಲ.

'ಯಾರಿಗೂ ಹೇಳಲ್ಲ. ಎಂದಿಗೂ...'

"ಇಲ್ಲ ಚಿಕ್ಕಮ್ಮ," ಅಂದಳು. "ಯಾರೂ ಸಿಗಲಿಲ್ಲ."