ಹತ್ತು ಎಂಎಲ್, ಒಂದು ಸ್ಕ್ರೀನ್‌ಶಾಟ್

ಬಾಗಿಲಿನ ಹಿಡಿ ತಿರುಗಿತು.

ನಾನು ಉಸಿರು ಬಿಗಿಹಿಡಿದೆ. ಮೈಮೇಲೆ ಮೂರು ಮೂಟೆ ಕೊಳೆ ಬೆಡ್‌ಶೀಟು. ಎಡಗೈಯಲ್ಲಿ ಅಕ್ಕನ ಸ್ಮಾರ್ಟ್‌ಫೋನು. ಬಲ ಅಂಗೈಯಿಂದ ರಕ್ತ...

ಡ್ರಾಯರಿನ ಬೀಗ ಮುರಿಯುವಾಗ ತಗಡು ಕೊಯ್ದಿತ್ತು.

ಬೂಟುಗಳು ಒಳಗೆ ಬಂದವು. ಎರಡು ಜೊತೆ. ಒಬ್ಬ ಗಾರ್ಡ್ ಮೇಲಿನ ಮೂಟೆಗೆ ಲಾಠಿಯಿಂದ ತಿವಿದ. ಪೆಟ್ಟು ನನ್ನ ಪಕ್ಕೆಲುಬಿಗೆ ಬಿತ್ತು. ನಾನೂ ಒಂದು ಮೂಟೆಯಂತೆಯೇ ಬಿದ್ದಿದ್ದೆ. ವಾಸನೆ ತಡೆಯಲಾರದೆ ಇಬ್ಬರೂ ಹೊರಗೆ ಹೋದರು.

ಗೋಡೆ ಗಡಿಯಾರದಲ್ಲಿ ಮೂರೂ ಮೂವತ್ತಾರು. ನಾಲ್ಕಕ್ಕೆ ಆರನೇ ಮಹಡಿಯಲ್ಲಿ ವಿಚಾರಣೆ. ಅದು ಅವರು ಅಂದುಕೊಂಡಂತೆ ಮುಗಿದರೆ ಅಕ್ಕ ಜೈಲಿಗೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾನು ಹಳೆಯ ಪೊಲೀಸ್. ಮೇಲಧಿಕಾರಿಯ ಕೆನ್ನೆಗೆ ಬಾರಿಸಿ ಕೆಲಸ ಕಳೆದುಕೊಂಡವನು. ಈಗ ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ಅಕ್ಕ ಈ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಬೈದು, ಒಂದು ದಡ ಮುಟ್ಟಿಸಿದವಳು ಅವಳೇ. ಅವಳಿಗಾಗಿ ನಾನು ಕೊಳೆ ಬಟ್ಟೆಯಲ್ಲಿ ಏನು, ಬೆಂಕಿಯಲ್ಲೂ ಮಲಗುತ್ತೇನೆ.

ನಿನ್ನೆ ಮಧ್ಯಾಹ್ನ ಐಸಿಯುವಿನಲ್ಲಿ ಒಬ್ಬ ಬಸ್ ಡ್ರೈವರ್ ತೀರಿಕೊಂಡ. ಅಕ್ಕ ಕೊಟ್ಟ ಇಂಜೆಕ್ಷನ್ನಿನಿಂದಲೇ. ಅವಳು ಕೊಟ್ಟದ್ದು ಹತ್ತು ಎಂಎಲ್. ಕಂಪ್ಯೂಟರಿನ ಕೇಸ್ ಶೀಟಿನಲ್ಲಿ ಇರುವುದು ಒಂದು ಎಂಎಲ್.

ಆದರೆ ದೊಡ್ಡ ಡಾಕ್ಟರು ಆಸ್ಪತ್ರೆಯ ಆ್ಯಪ್‌ನಲ್ಲಿ ಅಕ್ಕನಿಗೆ ಕಳುಹಿಸಿದ ಮೆಸೇಜಿನಲ್ಲಿ ಹತ್ತು ಎಂದೇ ಇತ್ತು! ಕೇಸ್ ಶೀಟಿಗೆ ಬರುವ ಮುಂಚೆ ಬಂದ ಆರ್ಡರನ್ನು ನರ್ಸುಗಳು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಬೇಕು, ಅದು ಅವರ ಪದ್ಧತಿ. ಅಕ್ಕನೂ ತಿರುಗಿ ಕೇಳಿದ್ದಳು, ಹತ್ತೇ ತಾನೇ ಸರ್ ಎಂದು. ಹೇಳಿದಷ್ಟು ಮಾಡು ಎಂದು ಉತ್ತರ ಬಂದಿತ್ತು.

ಡ್ರೈವರ್ ತೀರಿಕೊಂಡ ಐದು ನಿಮಿಷಕ್ಕೆ ಡಾಕ್ಟರು ಆ ಮೆಸೇಜುಗಳನ್ನೆಲ್ಲ ಅಳಿಸಿಹಾಕಿದರು. ತಮ್ಮ ಫೋನಿನಿಂದಲೂ, ಅಕ್ಕನ ಫೋನಿನಿಂದಲೂ... ಹಾಗೆಂದು ಅವರು ತಿಳಿದುಕೊಂಡಿದ್ದರು.

ಐಸಿಯುವಿನೊಳಗೆ ಕಾಲಿಡುವ ಮುಂಚೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಬೇಕೆಂಬುದು ನಿಯಮ. ಅಕ್ಕ ಹಾಕಿದ್ದಳು. ಹೊರಗೆ ಬರುತ್ತಲೇ ಸೂಪರಿಂಟೆಂಡೆಂಟ್ ಫೋನ್ ಕಸಿದುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಜಡಿದಿದ್ದರು. ನೆಟ್‌ವರ್ಕ್ ತಾಗದ ಫೋನಿಗೆ ಅಳಿಸುವ ಆಜ್ಞೆ ತಲುಪುವುದಾದರೂ ಹೇಗೆ?

ಇವತ್ತು ಅಕ್ಕ ಎಡವಿದಳು. ಕಾರಿಡಾರಿನಲ್ಲಿ, ಡಾಕ್ಟರ ಎದುರಿಗೇ, ನನ್ನ ಫೋನ್ ನಿನ್ನೆಯಿಂದ ಫ್ಲೈಟ್ ಮೋಡಿನಲ್ಲೇ ಇದೆ, ತೆಗೆದು ನೋಡಿ ಎಂದುಬಿಟ್ಟಳು. ಡಾಕ್ಟರ ಮುಖ ಬಿಳುಚಿಕೊಂಡಿತು. ನಾನು ಪಕ್ಕದಲ್ಲೇ ಇದ್ದೆ. ಅವರಿಗಿಂತ ಮೊದಲು ಡ್ರಾಯರಿನ ಹತ್ತಿರ ಓಡಿದೆ. ಅವರು ಗಾರ್ಡುಗಳನ್ನು ನನ್ನ ಹಿಂದೆ ಬಿಟ್ಟರು.

ಫೋನನ್ನೇ ವಿಚಾರಣೆಗೆ ಒಯ್ಯಬಹುದಿತ್ತಲ್ಲ ಎನ್ನುತ್ತೀರಿ. ಯಾರಾದರೂ ಕಿತ್ತುಕೊಂಡು ಫ್ಲೈಟ್ ಮೋಡನ್ನು ಒಮ್ಮೆ ಒತ್ತಿದರೆ ಎಲ್ಲ ಮುಗಿಯಿತು. ಒಂದು ಸೆಕೆಂಡಿನ ಕೆಲಸ. ಅದಕ್ಕಿಂತ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿರಬೇಕು.

ತಮಾಷೆ ಏನು ಗೊತ್ತೇ? ನನಗೆ ಸ್ಕ್ರೀನ್‌ಶಾಟ್ ತೆಗೆಯಲು ಬರುವುದಿಲ್ಲ!

ನನ್ನದು ಬಟನ್ ಫೋನು. ಕ್ಯಾಮೆರಾ ಇಲ್ಲ. ಯಾರೂ ನನ್ನ ಜಾಡು ಹಿಡಿಯಬಾರದೆಂದು ಹತ್ತು ವರ್ಷದಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ಮೂಟೆಗಳ ಅಡಿಯಿಂದಲೇ ಹೆಂಡತಿಗೆ ಕರೆ ಮಾಡಿದೆ. ಅವಳು ಮೊಬೈಲ್ ಕಂಪನಿಯೊಂದರ ಹೆಲ್ಪ್‌ಲೈನಿನಲ್ಲಿ ಕೆಲಸ ಮಾಡುತ್ತಾಳೆ. ದಿನಕ್ಕೆ ನೂರು ಜನ ದಡ್ಡರಿಗೆ ಫೋನ್ ಬಳಸುವುದು ಹೇಗೆಂದು ಹೇಳಿಕೊಡುತ್ತಾಳೆ. ಸಂಜೆ ಮನೆಗೆ ಬಂದು ನೂರಾ ಒಂದನೆಯವನನ್ನು ಸಂಭಾಳಿಸುತ್ತಾಳೆ.

"ನಮಸ್ಕಾರ ಸರ್, ಹೇಳಿ," ಎಂದಳು. ಅಂದರೆ ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದಾನೆ.

"ಅಕ್ಕನ ಫೋನ್ ಸಿಕ್ತು. ಮೆಸೇಜ್ ಇನ್ನೂ ಇರಬೇಕು. ಸ್ಕ್ರೀನ್‌ಶಾಟ್ ತೆಗೀಬೇಕು, ಹೇಗೆ ಹೇಳು."

"ಪವರ್ ಬಟನ್ನೂ, ವಾಲ್ಯೂಮ್ ಕಮ್ಮಿ ಮಾಡೋ ಬಟನ್ನೂ ಒಟ್ಟಿಗೆ ಒತ್ತಿ ಸರ್. ಒತ್ತಿದ ತಕ್ಷಣ ಬಿಡಿ."

ಪಿನ್ ನನಗೆ ಗೊತ್ತಿತ್ತು. ಅಮ್ಮ ತೀರಿಕೊಂಡ ವರ್ಷ. ಆ್ಯಪ್ ತೆರೆದೆ. ಇತ್ತು! ಹತ್ತು ಎಂಎಲ್, ನೇರವಾಗಿ, ಬೇಗ. ಅದರ ಕೆಳಗೆ ಅಕ್ಕನ ಪ್ರಶ್ನೆ. ಅದರ ಕೆಳಗೆ ಉತ್ತರ. ನನ್ನ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

ಎರಡೂ ಬಟನ್ ಒತ್ತಿದೆ. ಸ್ಕ್ರೀನ್ ಆರಿಹೋಯಿತು, ಅಷ್ಟೇ. ಮತ್ತೆ ಒತ್ತಿದೆ. ಮತ್ತೆ ಆರಿತು.

ವಾಲ್ಯೂಮ್ ಬಟನ್ ಒಳಗೆ ಹೂತು ಸತ್ತಿತ್ತು. ನರ್ಸುಗಳು ದಿನಕ್ಕೆ ಹತ್ತು ಸಲ ಫೋನನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ. ಬಟನ್ ಎಷ್ಟು ದಿನ ತಡೆದೀತು?

"ಮೂರು ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಳೀರಿ ಸರ್," ಎಂದಳು.

ಎಳೆದೆ. ಗಾಜಿನ ಮೇಲೆ ಮೂರು ಕೆಂಪು ಗೆರೆ ಬಿದ್ದವು. ಬೆಡ್‌ಶೀಟಿಗೆ ಕೈಯನ್ನೂ ಗಾಜನ್ನೂ ಒರೆಸಿ ಮತ್ತೆ ಎಳೆದೆ. ಈ ಸಲ ಸ್ಕ್ರೀನ್ ಮಿನುಗಿತು! ಕೆಳಗೆ ಒಂದು ಸಾಲು ಮೂಡಿತು. ಸಂಸ್ಥೆಯ ನಿಯಮದಂತೆ ಈ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್‌ಗೆ ಅವಕಾಶವಿಲ್ಲ.

ನಾನು ಅದನ್ನು ಪಿಸುಮಾತಿನಲ್ಲಿ ಓದಿ ಹೇಳಿದೆ. ಅವಳು ಬಿಡಲಿಲ್ಲ. ಅಂಗೈಯ ಅಂಚನ್ನು ಸ್ಕ್ರೀನಿನ ಮೇಲೆ ಪಕ್ಕದಿಂದ ಪಕ್ಕಕ್ಕೆ ಸವರಿ ಎಂದಳು. ಸವರಿದೆ, ಗಾಯ ಉರಿಯಿತು, ಅದೇ ಸಾಲು ಬಂತು. ಮೇಲಿಂದ ಬೆರಳೆಳೆದರೆ ಚಿಕ್ಕ ಚಿಕ್ಕ ಗುಂಡಿಗಳು ಬರುತ್ತವೆ, ಅದರಲ್ಲಿ ಸ್ಕ್ರೀನ್‌ಶಾಟಿನ ಗುಂಡಿಯೂ ಇದೆ, ಒತ್ತಿ ಎಂದಳು. ಎಳೆದೆ. ಗುಂಡಿ ಇತ್ತು. ಅದಕ್ಕೆ ಅಂಟಿಕೊಂಡೇ ಪುಟ್ಟ ವಿಮಾನದ ಗುರುತು...

ಫ್ಲೈಟ್ ಮೋಡ್!

ನನ್ನ ಹೆಬ್ಬೆರಳು ದಪ್ಪ. ಕೂದಲೆಳೆ ತಪ್ಪಿದರೆ ಅಕ್ಕನ ಬದುಕೇ ಅಳಿಸಿಹೋಗುತ್ತದೆ. ಕಿರುಬೆರಳಿನ ತುದಿಯಿಂದ ಒತ್ತಿದೆ. ಸರಿಯಾದ ಗುಂಡಿಯೇ. ಅದೇ ಹಾಳು ಸಾಲು.

ಪಕ್ಕದಲ್ಲಿದ್ದ ಸ್ಕ್ರೀನ್ ರೆಕಾರ್ಡಿಂಗ್ ಒತ್ತಿಸಿದಳು. ವಿಡಿಯೋ ಬಂತು. ತೆರೆದರೆ ಬರೀ ಕಪ್ಪು.

"ಬಾಯಲ್ಲಿ ಹೇಳಿದ್ರೆ ತೆಗೆಯುತ್ತಂತಲ್ಲ?"

"ಅದಕ್ಕೆ ನೆಟ್ ಆನ್ ಮಾಡ್ಬೇಕು ಸರ್." ಆಮೇಲೆ ಸೂಪರ್‌ವೈಸರನ್ನು ಮರೆತೇಬಿಟ್ಟಳು. "ರೀ, ಆ ಆ್ಯಪ್ ಬಿಡಲ್ಲ. ನೀವು ಯಾವ ದಾರೀಲಿ ಹೋದ್ರೂ ಬಿಡಲ್ಲ. ಹೊರಗಿಂದ ತೆಗೀಬೇಕು. ಇನ್ನೊಂದು ಕ್ಯಾಮೆರಾ ಹುಡುಕಿ. ಸಿಕ್ಕಿಹಾಕ್ಕೊಬೇಡಿ, ನಿಮ್ಮ ದಮ್ಮಯ್ಯ."

ಆಗ ಬಾಗಿಲು ದಡಾರನೆ ತೆರೆಯಿತು. ನನ್ನ ಪಿಸುಮಾತು ಗಾರ್ಡಿನ ಕಿವಿಗೆ ಬಿದ್ದಿತ್ತು.

ಎರಡು ಮೂಟೆ ಎತ್ತಿ ಅವನ ಎದೆಗೆ ಎಸೆದೆ. ಅವನು ಹಿಂದಿದ್ದವನ ಮೇಲೆ ಬಿದ್ದ. ಇಬ್ಬರನ್ನೂ ದಾಟಿ ಓಡಿದೆ. ತಳ್ಳುಗಾಡಿ, ಆಕ್ಸಿಜನ್ ಸಿಲಿಂಡರು, ಸಲೈನ್ ಹಿಡಿದು ನಿಂತ ಮುದುಕ... ಎಲ್ಲರನ್ನೂ ಸವರಿಕೊಂಡು ಮೆಟ್ಟಿಲಿಗೆ ಬಂದೆ. ಮೇಲೆ ಬೂಟಿನ ಸದ್ದು. ಹಿಂದೆಯೂ ಬೂಟಿನ ಸದ್ದು. ಕೆಳಕ್ಕೆ ಜಿಗಿದೆ. ಜೇಬಿನಿಂದ ಬಟನ್ ಫೋನ್ ಹಾರಿ ಮೆಟ್ಟಿಲುಗಳ ನಡುವಿನ ಸಂದಿಗೆ ಬಿತ್ತು. ನಾಲ್ಕು ಮಹಡಿ ಕೆಳಗೆ ಅದು ಚೂರಾದ ಸದ್ದು ಕೇಳಿಸಿತು.

ಸಿಕ್ಕ ಮೊದಲ ಬಾಗಿಲಿಗೆ ನುಗ್ಗಿ ಚಿಲಕ ಹಾಕಿದೆ.

ರೆಕಾರ್ಡ್ ರೂಮು. ಸೂರಿನವರೆಗೆ ಫೈಲುಗಳು. ನಡುವೆ ಒಂದು ಮೇಜು, ಒಂದು ಝೆರಾಕ್ಸ್ ಮೆಷೀನು, ಮೂಗಿನ ತುದಿಯಲ್ಲಿ ಕನ್ನಡಕ ಇಳಿಬಿಟ್ಟ ಹಿರಿಯ ಗುಮಾಸ್ತೆ. ಅವರು ನನ್ನ ರಕ್ತ ನೋಡಿದರು, ಕೈಯಲ್ಲಿದ್ದ ಫೋನ್ ನೋಡಿದರು. ಕಿರುಚಲಿಲ್ಲ.

"ಅಮ್ಮಾ, ನಿಮ್ಮ ಫೋನ್ ಒಂದ್ನಿಮಿಷ ಕೊಡಿ. ಒಂದು ಫೋಟೋ ಅಷ್ಟೇ."

"ಈ ರೂಮಿಗೆ ಫೋನ್ ತರೋ ಹಾಗಿಲ್ಲಪ್ಪ. ನಂದು ಕೆಳಗೆ ಲಾಕರ್‌ನಲ್ಲಿದೆ. ಯಾರು ನೀನು?"

ಅಕ್ಕನ ಹೆಸರು ಹೇಳಿದೆ. ಉಳಿದದ್ದನ್ನು ಉಸಿರು ಬಿಡದೆ ಹೇಳಿದೆ. ಅವರು ಕೇಳುತ್ತಲೇ ಎದ್ದು ಝೆರಾಕ್ಸ್ ಮೆಷೀನಿನ ಮುಚ್ಚಳ ಎತ್ತಿದರು. ಇಲ್ಲಿಡು ಎಂದರು.

ನನಗೆ ಅವರ ತಲೆ ಕೆಟ್ಟಿದೆ ಅನ್ನಿಸಿತು.

"ನೋಡ್ತೀಯೇನು? ಜನ ಗುರುತಿನ ಚೀಟೀನ ಫೋನಲ್ಲಿ ತರ್ತಾರೆ, ಪ್ರಿಂಟ್ ತಗೊಂಡು ಬನ್ನಿ ಅಂದ್ರೆ ಅಳ್ತಾರೆ. ಫೋನನ್ನೇ ಬೋರಲು ಹಾಕಿ ಎಷ್ಟು ತೆಗೆದಿದೀನೋ. ಬೆಳಕು ಪೂರ್ತಿ ಜಾಸ್ತಿ ಮಾಡು."

ಮೆಸೇಜ್ ತೆರೆದು, ಬೆಳಕು ಹೆಚ್ಚಿಸಿ, ಗಾಜಿನ ಮೇಲೆ ಫೋನನ್ನು ಬೋರಲು ಹಾಕಿದೆ. ಮೆಷೀನ್ ಬಿಸಿಯಾಗಲು ಗೊರಗೊರ ಎನ್ನುತ್ತಲೇ ಇತ್ತು. ಹೊರಗೆ ಬಾಗಿಲ ಮೇಲೆ ಗುದ್ದು ಬಿತ್ತು. ಕೊನೆಗೂ ಹಸಿರು ಬೆಳಕು ಅತ್ತಿಂದಿತ್ತ ಹರಿದು ಹಾಳೆ ಹೊರಬಂತು.

ಕಪ್ಪು. ಪೂರ್ತಿ ಕಪ್ಪು.

ಅಷ್ಟರಲ್ಲಿ ಸ್ಕ್ರೀನ್ ತಾನಾಗಿಯೇ ಆರಿಹೋಗಿತ್ತು. ಅಕ್ಕನ ಮುಖ ಕಣ್ಣ ಮುಂದೆ ಬಂತು, ಕೈಕೋಳದ ಜೊತೆ. ಇಷ್ಟು ವರ್ಷ ಊರವರ ಮಕ್ಕಳನ್ನೆಲ್ಲ ಹುಡುಕಿಕೊಟ್ಟವನು ನಾನು. ನನ್ನ ಅಕ್ಕನನ್ನೇ ಉಳಿಸಿಕೊಳ್ಳಲಾಗಲಿಲ್ಲ ಎಂದು ದುಃಖ ಒತ್ತರಿಸಿ ಬಂತು.

"ಅತ್ತದ್ದು ಸಾಕು, ಪಿನ್ ಹಾಕು," ಎಂದರು ಗುಮಾಸ್ತೆ. "ಮೆಷೀನ್ ಈಗ ಬಿಸಿಯಾಗಿದೆ."

ಬಾಗಿಲ ಚಿಲಕದ ಒಂದು ಸ್ಕ್ರೂ ಉದುರಿತು. ಪಿನ್ ಹಾಕಿದೆ, ಮೆಸೇಜ್ ತೆರೆದೆ, ಬೋರಲು ಹಾಕಿದೆ. ಅವರು ಅದೇ ಗಳಿಗೆಗೆ ಗುಂಡಿ ಒತ್ತಿದರು. ಹಸಿರು ಬೆಳಕು ಹರಿಯಿತು.

ಹಾಳೆ ಬಂತು. ಮಸುಕು, ಅಂಚೆಲ್ಲ ಬೂದು. ಆದರೆ ಅಕ್ಷರ ಇದ್ದವು! ಡಾಕ್ಟರ ಹೆಸರು, ಎರಡೂ ನಲವತ್ತೆಂಟು, ಹತ್ತು ಎಂಎಲ್, ಅಕ್ಕನ ಪ್ರಶ್ನೆ, ಹೇಳಿದಷ್ಟು ಮಾಡು.

ಗುಮಾಸ್ತೆ ಆ ಹಾಳೆಯನ್ನು ಮೇಜಿನ ಮೇಲಿದ್ದ ಒಂದು ದಪ್ಪ ಫೈಲಿನೊಳಗೆ ಸೇರಿಸಿ ದಾರ ಕಟ್ಟಿದರು. ಸತ್ತ ಡ್ರೈವರನ ಕೇಸ್ ಫೈಲು. ನಾಲ್ಕು ಗಂಟೆಗೆ ವಿಚಾರಣೆಯ ಅಧ್ಯಕ್ಷರ ಮುಂದೆ ಅದನ್ನು ಇಡುವುದು ಅವರದೇ ಕೆಲಸವಂತೆ. ಆ ಫೈಲಿಗೆ ಕೈ ಹಾಕುವ ಧೈರ್ಯ ಯಾವ ಗಾರ್ಡಿಗೂ ಇಲ್ಲವಂತೆ.

ನನಗೆ ನನ್ನ ಕೆಲಸ ಅರ್ಥವಾಯಿತು. ಚಿಲಕ ನಾನೇ ತೆಗೆದೆ. ಫೋನ್ ಎತ್ತಿ ತೋರಿಸಿ ಓಡಿದೆ. ಎಲ್ಲರೂ ನನ್ನ ಹಿಂದೆ ಬಂದರು. ಐದನೇ ಮಹಡಿಯಲ್ಲಿ ನಾಲ್ಕು ಜನ ಸೇರಿ ನನ್ನನ್ನು ನೆಲಕ್ಕೆ ಕೆಡವಿದರು. ಹಲ್ಲೊಂದು ಅಲ್ಲಾಡಿತು. ಫೋನ್ ಕಿತ್ತುಕೊಂಡು ನನ್ನನ್ನು ಆರನೇ ಮಹಡಿಗೆ ಎಳೆದುಕೊಂಡು ಹೋದರು.

ವಿಚಾರಣೆ ಶುರುವಾಗಿತ್ತು. ಉದ್ದನೆಯ ಮೇಜು. ಒಂದು ತುದಿಯಲ್ಲಿ ಅಕ್ಕ, ತಲೆ ತಗ್ಗಿಸಿಕೊಂಡು. ಇನ್ನೊಂದು ತುದಿಯಲ್ಲಿ ಬೇರೆ ಆಸ್ಪತ್ರೆಯಿಂದ ಬಂದ ಅಧ್ಯಕ್ಷೆ. ಗುಮಾಸ್ತೆ ಫೈಲು ಇಟ್ಟು ಗೋಡೆಗೊರಗಿ ನಿಂತಿದ್ದರು. ಅಧ್ಯಕ್ಷೆ ದಾರ ಬಿಚ್ಚಿ ಮೇಲಿನ ಹಾಳೆ ಓದುತ್ತಿದ್ದರು.

ಗಾರ್ಡ್ ಫೋನನ್ನು ನೇರವಾಗಿ ದೊಡ್ಡ ಡಾಕ್ಟರ ಕೈಗೆ ಕೊಟ್ಟ.

ಅಧ್ಯಕ್ಷೆ ಹಾಳೆಯಿಂದ ತಲೆ ಎತ್ತಿ ಆ ಫೋನ್ ಇಲ್ಲಿ ಕೊಡಿ ಎಂದರು. ಕೊಡುತ್ತೇನೆ ಮೇಡಂ ಎಂದರು ಡಾಕ್ಟರು. ಕೊಡುತ್ತಾ ಕೊಡುತ್ತಾ ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದು ಪುಟ್ಟ ವಿಮಾನವನ್ನು ಒತ್ತಿಬಿಟ್ಟರು. ಅವರ ಮುಖಕ್ಕೆ ಬಣ್ಣ ಮರಳಿತು. ಆ ಹಾಳೆ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ.

ಅಧ್ಯಕ್ಷೆ ಅಕ್ಕನಿಂದ ಪಿನ್ ಕೇಳಿ ಫೋನ್ ತೆರೆದರು. ಅವರು ನೋಡುತ್ತಿದ್ದಂತೆಯೇ ಮೆಸೇಜುಗಳು ಒಂದೊಂದಾಗಿ ಮಾಯವಾದವು. ಪ್ರತಿಯೊಂದರ ಜಾಗದಲ್ಲೂ ಒಂದು ಸಾಲು ಉಳಿಯಿತು. ಕಳುಹಿಸಿದ ವೈದ್ಯರು ಇದನ್ನು ಅಳಿಸಿದ್ದಾರೆ, ನಿನ್ನೆ, ಮೂರೂ ಹದಿನೈದು. ಮೆಸೇಜು ಬಂದ ಗಂಟೆ ಮಾತ್ರ ಹಾಗೇ ಇತ್ತು. ಎರಡೂ ನಲವತ್ತೆಂಟು.

ಅವರು ಹಾಳೆಯನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟರು.

"ಡಾಕ್ಟರೇ, ರೋಗಿ ತೀರಿಕೊಂಡದ್ದು ಮೂರೂ ಹತ್ತಕ್ಕೆ," ಎಂದರು. "ಐದು ನಿಮಿಷದಲ್ಲಿ ನಿಮಗೆ ಬೇರೆ ಕೆಲಸ ಇರಲಿಲ್ಲವೇ?"

ಉತ್ತರಕ್ಕೆ ಕಾಯದೆ ಅಧ್ಯಕ್ಷೆ ಪೊಲೀಸರನ್ನು ಕರೆಸಿದರು.

ಹೊರಗೆ ಬೆಂಚಿನ ಮೇಲೆ ಅಕ್ಕ ನನ್ನ ಅಂಗೈಗೆ ಬ್ಯಾಂಡೇಜ್ ಸುತ್ತಿದಳು. ಸುತ್ತುತ್ತಲೇ ಅತ್ತಳು. ಡ್ರೈವರನಿಗೆ ಚಿಕ್ಕ ಮಗಳಿದ್ದಾಳೆ ಕಣೋ, ಸೂಜಿ ಚುಚ್ಚಿದ್ದು ನನ್ನ ಕೈ ಅಲ್ವಾ ಎಂದಳು. ಅವಳ ತಲೆ ಸವರಿದೆ.

ಲಿಫ್ಟಿನ ಕಡೆ ಪೊಲೀಸರು ಡಾಕ್ಟರನ್ನು ಕರೆದೊಯ್ಯುತ್ತಿದ್ದರು. ಪಾಪ, ಆ ಆರ್ಡರನ್ನು ಟೈಪ್ ಮಾಡದೆ ಚೀಟಿಯಲ್ಲಿ ಕೈಯಾರೆ ಗೀಚಿ ಕೊಟ್ಟಿದ್ದರೆ ಬಚಾವಾಗುತ್ತಿದ್ದರು... ಡಾಕ್ಟರ ಅಕ್ಷರ ಯಾವ ಕೋರ್ಟಿಗೆ ಓದಲು ಬರುತ್ತದೆ, ಹೇಳಿ?