ಲಾಂಚಿಗೆ ನೇಯ್ದ ಜಮಖಾನ

1974ರ ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಅಜೀಜಾಬಿ ಎಂಬ ಮುದುಕಿ ಸೊಸೆ ಫಾತಿಮಾಬಿಯ ಜತೆ ನವಲಗುಂದ ಠಾಣೆಗೆ ಬಂದಳು. ಮೂರು ತಿಂಗಳು ಕೂತು ನೇಯ್ದ ಜಮಖಾನ ನಿನ್ನೆ ಮನೆಯಿಂದ ಕಳುವಾಗಿದೆ ಎಂಬುದು ದೂರು.

ಅದು ಕಾರವಾರದ ಒಂದು ಸಣ್ಣ ಲಾಂಚಿಗೆ ನೇಯ್ದದ್ದು. ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು, ಗೋಕರ್ಣ, ಮಿರ್ಜಾನ ಕೋಟೆ, ಹೊನ್ನಾವರ, ಭಟ್ಕಳದ ಹಳೆಯ ಬಸದಿ-ಮಸೀದಿ ತೋರಿಸುತ್ತ ಆ ಲಾಂಚು ಕರಾವಳಿಗುಂಟ ಆರು ದಿನ ಸಾಗುವುದಿತ್ತು. ಹೊರಡುವುದು 15ಕ್ಕೆ. ಜಮಖಾನದ ನಡುವೆ ಲಾಂಚಿನ ಚಿತ್ರವೇ ಬರಲಿ ಎಂದು ಮಾಲೀಕ ಫೋಟೋ ಕೊಟ್ಟಿದ್ದ. ಹೊತ್ತಿಗೆ ಮುಟ್ಟದಿದ್ದರೆ ಬೇಡ ಎಂದೂ ಹೇಳಿದ್ದ. ಸಮುದ್ರವನ್ನೇ ಕಾಣದ ಅಜೀಜಾಬಿ ಆ ಫೋಟೋ ನೋಡಿ ಲಾಂಚು ನೇಯ್ದಿದ್ದಳು.

ಫೌಜದಾರ ಈರಬಸಪ್ಪ ಎಫ್‌ಐಆರ್ ಬರೆಸಿದರು.

“ಮನ್ಯಾಗ ಯಾರ್ಯಾರು ಇರ್ತೀರಿ?”

“ನಾನು, ಮಗ, ಈ ಸೊಸಿ. ಇಷ್ಟರಿ.”

“ನಿನ್ನೆ ಹೊರಗಿನವರು ಯಾರರ ಬಂದಿದ್ರು?”

“ಯಾರೂ ಇಲ್ರಿ.”

ಹನ್ನೆರಡಕ್ಕೆ ಪಂಚನಾಮೆ ಆಯಿತು. ಕೀಲಿ ಮುರಿದಿರಲಿಲ್ಲ. ಜಮಖಾನದ ಜತೆ ಫೋಟೋನೂ ಹೋಗಿತ್ತು. ಅದನ್ನು ಬರೆದುಕೊಂಡರು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದೆ ಹತ್ತು ದಿನ ಬರೀ ಓಡಾಟ. ಹುಬ್ಬಳ್ಳಿಯ ಅಂಗಡಿ ಸೋಸಿದರು, ಬಸ್‌ಸ್ಟ್ಯಾಂಡಿನ ಹಮಾಲರನ್ನು ಕೇಳಿದರು. ಅಣ್ಣಿಗೇರಿಯ ದಲಾಲನೊಬ್ಬನನ್ನು ಇಡೀ ದಿನ ಕೂಡಿಸಿ, ಏನೂ ಸಿಗದೆ ಬಿಟ್ಟರು. ಕಾರವಾರಕ್ಕೆ ಟ್ರಂಕ್ ಕಾಲ್ ಹಚ್ಚಿ ಮೂರು ತಾಸು ಕಾದರೆ, “ಹಲೋ” ಅಂದ ಕೂಡಲೇ ಲೈನು ಕಡಿಯಿತು. ಈರಬಸಪ್ಪ ಫೋನು ಕುಕ್ಕಿದರು.

14ರ ಮಧ್ಯಾಹ್ನ ನೂಲಿನ ಅಂಗಡಿ ಕುಬೇರಪ್ಪ ಎಲೆ ಅಗಿಯುತ್ತ ಹೇಳಿದ: “ಯಮನೂರಿನ ಹೆಣ್ಮಗಳೊಬ್ಬಾಕಿ ಮೂರು ಸಲ ಕೆಂಪು ನೂಲು ಒಯ್ದಾಳ್ರಿ. ಆ ಊರಾಗ ಮಗ್ಗನ ಇಲ್ಲ.”

ಹವಾಲ್ದಾರ ಇಮಾಮಹುಸೇನ ನೆಲ ನೋಡಿದ. “ಸಾಹೇಬ್ರ, ಅಜೀಜಾಬಿ ಮಗಳು ರಜಿಯಾಬಿನ್ನ ಯಮನೂರಿಗೇ ಕೊಟ್ಟಾರ್ರಿ.”

“ಮಗಳದಾಳಂತ ಇವತ್ತು ಹೇಳ್ತೀಯೇನಲೇ? ಮುದುಕಿ ಬರಸಲೇ ಇಲ್ಲಲ್ಲ.”

“ಕೊಟ್ಟ ಹೆಣ್ಣು ಮನಿಯಾಕಿನೂ ಅಲ್ಲ, ಹೊರಗಿನಾಕಿನೂ ಅಲ್ರಿ. ಎದರಾಗ ಬರಸ್ತಾಳ್ರಿ ಪಾಪ?”

ಫಾತಿಮಾಬಿಯನ್ನು ಕರೆಸಿ ಕೇಳಿದರು. ಹೌದು, 2ರಂದು ನಾದಿನಿ ಉಂಡು ಹೋಗಿದ್ದಳು.

15, ಭಾನುವಾರ ಹನ್ನೊಂದಕ್ಕೆ ಯಮನೂರಿನ ರಜಿಯಾಬಿಯ ಮನೆಯನ್ನು ಪಂಚರ ಎದುರು ಝಡತಿ ಮಾಡಿ ಹುಡುಕಿದರು. ಒಳಕೋಣೆಯಲ್ಲಿ ಹೊರಸಿನ ಚೌಕಟ್ಟಿಗೆ ಜಮಖಾನ ಬಿಗಿದಿತ್ತು. ಲಾಂಚು ಅರ್ಧಕ್ಕರ್ಧ ಬಿಚ್ಚಿತ್ತು. ಫೋಟೋ ಗೋಡೆಯ ಮೇಲಿತ್ತು. ರಜಿಯಾಬಿಯನ್ನು ಅಲ್ಲೇ ದಸ್ತಗಿರಿ ಮಾಡಿದರು.

“ಮಾರಾಕ ಒಯ್ದೀಯೇನು?”

“ಮಾರೂದಿದ್ರ ಬಿಚ್ಚತಿದ್ನೇನ್ರಿ?”

“ಮತ್ಯಾಕ?”

“ಕಲಿಯಾಕ್ರಿ.”

ಜಮಖಾನ ನೇಯುವ ಆ ಮನೆಗಳಲ್ಲಿ ಕಸುಬು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಅದನ್ನು ಬೇರೆ ಊರಿಗೆ ಒಯ್ದಾಳು ಎಂಬ ಅಂಜಿಕೆ.

“ಅವ್ವ ಮಗ್ಗದಾಗ ಚಿತ್ರ ಎತ್ತೂ ಹೊತ್ತಿಗೆ ನನ್ನ ನೀರಿಗೆ ಕಳಸ್ತಿದ್ಲು. ನಾ ಹುಟ್ಟಿದ ಮನ್ಯಾಗ ನಾ ನೀರು ತಂದೆ, ಫಾತಿಮಾ ಬಂದು ಕಲ್ತಳು. ಒಂದ ಗೆರಿ ಬಿಚ್ಚಿ ನೋಡಿ, ತಿರುಗಿ ಕೂಡಿಸಿ ಇಟ್ಟು ಬರೂಣು ಅಂದಿದ್ದೆ. ಕೂಡಲಿಲ್ರಿ.”

ನಾಲ್ಕಕ್ಕೆ ಠಾಣೆ ಮುಟ್ಟಿದರು. ಅಜೀಜಾಬಿ ಆಗಲೇ ಬಂದು ಕೂತಿದ್ದಳು.

“ಕೇಸು ಹಿಂದ ತಗೋತೀನ್ರಿ.”

“ನಿನ್ನ ಹೆಬ್ಬೆಟ್ಟು ಬಿದ್ದೈತಿ ಯವ್ವಾ. ಇನ್ನ ಕೋರ್ಟಿನ್ಯಾಗ ಹೇಳು.” ಹನ್ನೆರಡು ದಿನದ ಸಿಟ್ಟು ಈರಬಸಪ್ಪನವರ ದನಿಯಲ್ಲಿತ್ತು. “ನಿನ್ನ ಲಾಂಚು ಮುಂಜಾನೆನ ಬಿಟ್ಟು ಹೋತು.”

ಮುದುಕಿ ಬೆಂಚಿನ ಮೇಲಿನ ಜಮಖಾನದ ಹತ್ತಿರ ಸರಿದು, ಮಗಳು ತಿರುಗಿ ನೇಯ್ದ ಜಾಗದ ಮೇಲೆ ಬೆರಳಾಡಿಸಿದಳು. ಕೋರ್ಟಿಗೆ ಹೋಗಬೇಕಾದ ಆ ಮುದ್ದೆಮಾಲಿಗೆ ಮೊಹರು ಹಾಕಲು ಇಮಾಮಹುಸೇನ ಅರಗು ಕಾಸುತ್ತಿದ್ದ.

“ಈ ಎಳಿ ಮ್ಯಾಲಿಂದ ತಗೊಂಡೀ,” ಅಂದಳು ಅಜೀಜಾಬಿ. “ಕೆಳಗಿಂದ ತರಬೇಕು ಬೇಟಿ. ಇಲ್ಲೆ ಕೈ ಇಡು.”

ರಜಿಯಾಬಿ ಕೈ ಇಟ್ಟಳು.

ಈರಬಸಪ್ಪ ಗಡಿಯಾರ ನೋಡಿದರು. “ಅರಗು ಇಳಸಲೇ,” ಅಂದು ಹೊರಗೆ ಕಟ್ಟೆಗೆ ಹೋಗಿ ಕೂತರು.

ಮುದ್ದೆಮಾಲಿಗೆ ಮೊಹರು ಬಿದ್ದದ್ದು ಐದೂಮುಕ್ಕಾಲಿಗೆ ಎಂದು ದಫ್ತರದಲ್ಲಿದೆ. ತಡವಾದದ್ದಕ್ಕೆ ಕಾರಣ ಬರೆಯುವ ಜಾಗ ಖಾಲಿ ಇದೆ.