ನಿನ್ನೆಗೆ ಹೋದ ಹನ್ನೊಂದು ಮೊಟ್ಟೆ ರೊಟ್ಟಿ

"ಅಯ್ಯೋ! ಅದನ್ನ ತಿಂದ್ರಾ?!"

ಪೈಯಿಂಗ್ ಕೂಗಿದ ಕೂಗಿಗೆ ತೈನಾನ್‌ನ ಆ ಪುಟ್ಟ ಆಫೀಸಿನ ಆರೂ ಜನ ಕತ್ತು ತಿರುಗಿಸಿದರು. ಸರ್ವರ್ ಕಪಾಟಿನ ಪಕ್ಕ ನಿಂತಿದ್ದ ಅಪರಿಚಿತ ಯುವಕನ ಕೆನ್ನೆ ಉಬ್ಬಿತ್ತು. ಕೈಯಲ್ಲಿ ಹಸಿರು ಪೊಟ್ಟಣ.

"ಹಸಿವಾಗಿತ್ತು ರೀ... ಜೋಳದ ಕುರುಕಲು ತಾನೇ?"

ಕುರುಕಲಂತೆ! ಹಸಿರು ಗ್ವಾಯ್‌ಗ್ವಾಯ್ ಪೊಟ್ಟಣ ತಲೆಯ ಮೇಲಿದ್ದರೆ, ಆ ಹೆಸರಿನ ಅರ್ಥದಂತೆಯೇ, ಯಂತ್ರ ಜಾಣಮರಿಯ ಹಾಗೆ ಕೆಲಸ ಮಾಡುತ್ತದೆಂದು ಇಲ್ಲಿನ ಆಫೀಸುಗಳ ನಂಬಿಕೆ. ಹಳದಿಯದು ಆಗದು, ಅವಧಿ ಮೀರಿದ್ದು ಆಗದು, ತಿನ್ನುವುದಂತೂ ಕೂಡದೇ ಕೂಡದು.

"ಯಂತ್ರವೇ ಇವತ್ತು ಗುಜರಿಗೆ ಹೋಗ್ತಿದೆಯಲ್ಲ ಮೇಡಂ. ನಿಮ್ಮ ಆಪ್ ಇನ್ಮೇಲೆ ಕ್ಲೌಡ್‌ನಲ್ಲಿ. ಪೊಟ್ಟಣ ಎಲ್ಲಿಡ್ತೀರಿ, ಆಕಾಶದಲ್ಲಾ?"

ನಕ್ಕಾಗ ಅವನ ಕೆನ್ನೆಯಲ್ಲಿ ಗುಳಿ ಬಿತ್ತು. 'ಥೂ, ಗುಳಿ ಬೇರೆ ಕೇಡಿಗೆ!' ಅಂದುಕೊಂಡಳು ಪೈಯಿಂಗ್.

ಅವನು ಬೋಚುನ್. ಅವಳ ಆಪ್ ಅನ್ನು ಕ್ಲೌಡ್‌ಗೆ ಸಾಗಿಸಲು ತೈಪೆಯಿಂದ ಬಂದವನು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವಳು ಎರಡು ವರ್ಷ ಕೂತು ಬರೆದ ಆಪ್ ಅದು. ಅವಳ ಅಮ್ಮನದೂ ಸೇರಿ ನಲವತ್ತು ತಿಂಡಿ ಅಂಗಡಿಗಳ ಆರ್ಡರ್ ಅದರಲ್ಲೇ ಬರುತ್ತಿತ್ತು.

ಬರುತ್ತಿತ್ತು... ಮಾರನೆಯ ಬೆಳಗಿನಿಂದ ನಿಂತಿತು! ಬೆಳಿಗ್ಗೆ ಏಳಕ್ಕೆ ಆರ್ಡರ್ ಮಾಡಿದವರು ಅಂಗಡಿಗೆ ಬಂದು ನೋಡಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಒಂಬತ್ತಕ್ಕೆ ಆಫೀಸಿಗೆ ಬಂದು ಪೈಯಿಂಗ್ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿದೆ.

"ನಿಮ್ಮ ಕ್ಲೌಡೇ ಸರಿ ಇಲ್ಲ!"

"ನಿಮ್ಮ ಕೋಡ್ ಒಂದ್ಸಲ ನೋಡ್ಕೊಳ್ಳಿ."

"ನೀವು ಆ ಪೊಟ್ಟಣ ತಿನ್ನೋವರೆಗೂ ನನ್ನ ಕೋಡ್‌ಗೆ ಏನೂ ಆಗಿರ್ಲಿಲ್ಲ!"

ಆಫೀಸಿನವರೆಲ್ಲ ಅವಳ ಕಡೆಗೇ. ಬಾಸ್ ಲಿಯಾವ್ ಅಂತೂ ಹೊಸ ಹಸಿರು ಪೊಟ್ಟಣ ತಂದು, ಎಲ್ಲಿಡಬೇಕೋ ತಿಳಿಯದೆ, ಇಂಟರ್ನೆಟ್ ಕೇಬಲ್‌ಗೆ ದಾರದಿಂದ ಕಟ್ಟಿದರು. ಏನೂ ಆಗಲಿಲ್ಲ.

ಇನ್ನೊಂದು ಉರಿ ಬೇರೆ. ಬೆಳಗಿನ ಹೊತ್ತು ಅವಳು ಅಮ್ಮನ ಅಂಗಡಿಯಲ್ಲಿ ರೊಟ್ಟಿ ಬೇಯಿಸುವಾಗ, ಬೋಚುನ್ ದಿನಾ ಎದುರಿನ ಸ್ಕೂಟರ್ ಸಾಲಿನ ಹತ್ತಿರ ಬಂದು ನಿಲ್ಲುತ್ತಿದ್ದ. ಫೋನ್ ನೋಡುತ್ತಿದ್ದ, ಇವಳನ್ನು ನೋಡುತ್ತಿದ್ದ, ಹೋಗುತ್ತಿದ್ದ. 'ನನ್ನ ಗತಿ ನೋಡಿ ಮಜಾ ತಗೊಳ್ಳೋಕೆ ಬರ್ತಾನೆ!' ಅವಳ ಕಣ್ಣು ತುಂಬಿತು. ಹೊಗೆಯೆಂದು ಅಮ್ಮನಿಗೆ ಸುಳ್ಳು ಹೇಳಿದಳು.

ಎರಡನೆಯ ವಾರದ ಶುಕ್ರವಾರ ಬಂತು. ಮಧ್ಯಾಹ್ನ ಹನ್ನೆರಡರೊಳಗೆ ಸರಿಹೋಗದಿದ್ದರೆ ನಲವತ್ತೂ ಅಂಗಡಿಯವರು ಆಪ್ ಬಿಡುತ್ತಾರೆ. ಎರಡು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

"ಪಾಪ ಕಣೆ, ದಿನಾ ಎದುರಿಗೆ ಬಂದು ನಿಲ್ಲೋ ಆ ಹುಡುಗ," ಎಂದಳು ಅಮ್ಮ, ಸೋಯಾ ಹಾಲು ಸುರಿಯುತ್ತಾ. "ಇವತ್ತು ತಡೀಲಾರದೆ ಕೇಳ್ದೆ. 'ಆರ್ಡರ್ ಮಾಡಿದೀನಿ ಆಂಟಿ, ಅವರು ಕೊಟ್ಟಾಗ ಕೊಡ್ಲಿ' ಅಂದ. ಕೊಡೆ ಅವನಿಗೆ!"

"ಆರ್ಡರಾ?!"

ಆಫೀಸಿಗೆ ಓಡಿ, ಅವನ ಹೆಸರು ಹಾಕಿ ಹುಡುಕಿದಳು. ಹನ್ನೊಂದು ಮೊಟ್ಟೆ ರೊಟ್ಟಿ! ಪ್ರತಿಯೊಂದರ ಕೆಳಗೂ ಅವನು ಆಪ್‌ನಲ್ಲೇ ಬರೆದ ಒಂದು ಚೀಟಿ.

'ತಪ್ಪಾಯ್ತು. ಪೊಟ್ಟಣ ತಿನ್ನಬಾರದಿತ್ತು.'

'ಇವತ್ತೂ ಕೊಡಲಿಲ್ಲ. ಸಿಟ್ಟು ಇಳಿಯೋವರೆಗೂ ಬರ್ತೀನಿ.'

'ಬೆಳಗಿನ ಬಿಸಿಲು ಕಣ್ಣಿಗೆ ಹೊಡೀತಿದೆ. ಆದರೂ ನೀವು ಕಾಣ್ತೀರಿ. ನಿಜ ಹೇಳ್ಲಾ? ಕ್ಷಮೆ ಬರೀ ನೆಪ. ನಾನು ಬರೋದು ನಿಮ್ಮನ್ನ ನೋಡೋಕೆ.'

ಅವಳ ಎದೆ ಡವಡವ ಎಂದಿತು... ಮರುಕ್ಷಣ ಹುಬ್ಬು ಗಂಟಾಯಿತು.

ಬೆಳಗಿನ ಬಿಸಿಲು? ಪಕ್ಕದಲ್ಲಿರುವ ಸಮಯ ಹಿಂದಿನ ದಿನ ರಾತ್ರಿ ಹನ್ನೊಂದೂ ನಲವತ್ತು! ಆ ಹೊತ್ತಲ್ಲಿ ಯಾವ ಬಿಸಿಲು?

ಅವನು ಅಂಗಡಿಯೆದುರು ಬರುತ್ತಿದ್ದದ್ದು ಬೆಳಿಗ್ಗೆ ಏಳೂ ನಲವತ್ತರ ಹೊತ್ತಿಗೆ. ಬೆರಳು ಮಡಿಸಿ ಎಣಿಸಿದಳು. ಎಂಟು ಗಂಟೆ ವ್ಯತ್ಯಾಸ!

"ಬೋಚುನ್! ನಿಮ್ಮ ಕ್ಲೌಡ್‌ನ ಗಡಿಯಾರ ನಮಗಿಂತ ಎಂಟು ಗಂಟೆ ಹಿಂದಿದೆ! ಬೆಳಿಗ್ಗೆ ಎಂಟರೊಳಗಿನ ಆರ್ಡರೆಲ್ಲ ನಿನ್ನೆಯ ಪಟ್ಟಿಗೆ ಹೋಗಿ ಕೂತಿದೆ!"

ಮೂಲೆಯ ಮೇಜಿನಲ್ಲಿದ್ದ ಅವನು ಎದ್ದು ಬಂದು ಪರದೆ ನೋಡಿದ. ಕಿವಿ ಕೆಂಪಾಯಿತು, ಗಡಿಯಾರಕ್ಕಲ್ಲ, ಚೀಟಿಗಳಿಗೆ.

"ನಾನೇ ಕಂಡುಹಿಡೀಬೇಕಿತ್ತು... ಸಾಗಿಸಿದವನೇ ನಾನು. ಆದ್ರೆ ನನ್ನ ಆರ್ಡರ್ ಬರದಿದ್ದಾಗ, ನೀವೇ ಬೇಕಂತ ಕೊಡ್ತಿಲ್ಲ ಅಂದ್ಕೊಂಡೆ."

"ನಾನೂ... ನೀವು ತಮಾಷೆ ನೋಡೋಕೆ ಬರ್ತೀರಿ ಅಂದ್ಕೊಂಡೆ."

ಜಾವಾ ಕೋಡ್ ಶುರುವಾಗುವ ಜಾಗದಲ್ಲಿ ತೈಪೆಯ ಸಮಯ ಅನುಸರಿಸು ಎಂದು ಒಂದೇ ಸಾಲು ಸೇರಿಸಿದರು. ಹನ್ನೊಂದೂವರೆಗೆ ಕಳೆದುಹೋದ ಆರ್ಡರ್‌ಗಳೆಲ್ಲ ತಮ್ಮ ತಮ್ಮ ದಿನಕ್ಕೆ ಮರಳಿದವು. ಅಂಗಡಿಯವರು ಗೊಣಗಿಕೊಂಡೇ ಇನ್ನೊಂದು ವಾರ ಆಪ್ ಬಳಸಿ ನೋಡಲು ಒಪ್ಪಿದರು. ಬಾಸ್ ಲಿಯಾವ್ ಮಾತ್ರ ಕೇಬಲ್‌ನ ಪೊಟ್ಟಣಕ್ಕೆ ಕೈ ಮುಗಿದರು.

ಶನಿವಾರ ಬೆಳಿಗ್ಗೆ ಏಳೂ ನಲವತ್ತು. ಅಂಗಡಿಯ ಫೋನ್ ಟಿಂಗ್ ಎಂದಿತು. ಇವತ್ತಿನ ಪಟ್ಟಿಯಲ್ಲೇ! ಒಂದು ಮೊಟ್ಟೆ ರೊಟ್ಟಿ. ಚೀಟಿಯಲ್ಲಿ, 'ಈಗಲಾದ್ರೂ ಕೊಡ್ತೀರಾ?'

ಪೈಯಿಂಗ್ ಒಂದಲ್ಲ, ಹನ್ನೆರಡು ರೊಟ್ಟಿ ಬೇಯಿಸಿ, ರಸ್ತೆ ದಾಟಿ, ಅವನ ಕೈಗಿಟ್ಟಳು.

"ಬಾಕಿ ಎಲ್ಲ ಸೇರಿಸಿ. ಒಂದೂ ಬಿಡೋ ಹಾಗಿಲ್ಲ!"

ಅವನು ಜೇಬಿನಿಂದ ಹಸಿರು ಪೊಟ್ಟಣ ತೆಗೆದ. "ಇದು ನಿಮ್ಮದು. ತಿಂದದ್ದರ ಬದಲಿಗೆ."

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅವಧಿ ಹತ್ತೇ ತಿಂಗಳು. ಆಮೇಲೆ ಬದಲಾಯಿಸೋರು ಯಾರು?"

"ನಾನು."

"ಅದರ ಆಮೇಲೆ?"

"ಆಗಲೂ ನಾನೇ. ನೀವು ಸಾಕು ಅನ್ನೋವರೆಗೂ..."

ಅವಳು ಕಣ್ಣೊರೆಸಿಕೊಂಡಳು. ಈ ಸಲ ಹೊಗೆಯ ಮೇಲೆ ತಪ್ಪು ಹೊರಿಸಲಿಲ್ಲ.

"ಸರಿ. ಆದ್ರೆ ಹಸಿವಾದ್ರೆ ನನ್ನ ಹತ್ರ ಬರ್ಬೇಕು. ಪೊಟ್ಟಣ ಮುಟ್ಟೋ ಹಾಗಿಲ್ಲ!"